ಗಾಲ್ಫ್ ಕೋಚಸ್ ಅಸೋಸಿಯೇಷನ್ ಆಫ್ ಅಮೆರಿಕ

ಗಾಲ್ಫ್ ಕೋಚಸ್ ಅಸೋಸಿಯೇಷನ್ ಆಫ್ ಅಮೆರಿಕ (ಜಿ.ಸಿ.ಎ.ಎ.) ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದ ಕಾಲೇಜು ಮತ್ತು ವಿಶ್ವವಿದ್ಯಾಲಯಗಳ ಪುರುಷರ ಗಾಲ್ಫ್ ತಂಡಗಳಿಗೆ ತರಬೇತಿ ನೀಡುವವರ ವೃತ್ತಿಪರ ಸಂಘ. ಇದು 1958ರಲ್ಲಿ ಸ್ಥಾಪನೆಯಾಯಿತು. ಇದರ ಕಚೇರಿಯು ಒಕ್ಲಹೋಮ ರಾಜ್ಯದ ನಾರ್ಮನ್ ನಗರದಲ್ಲಿದೆ. ಮಹಿಳಾ ತಂಡಗಳ ತರಬೇತುದಾರರಿಗಾಗಿ 1983ರಲ್ಲಿ ಪ್ರತ್ಯೇಕ ಸಂಘವೊಂದು ಆರಂಭವಾಯಿತು.

ಹಿನ್ನೆಲೆ

ಅಮೆರಿಕದಲ್ಲಿ ಅಂತರಕಾಲೇಜು ಗಾಲ್ಫ್ ಚಾಂಪಿಯನ್‌ಷಿಪ್ 1897ರಲ್ಲಿ ಆರಂಭವಾಯಿತು. 1939ರಿಂದ ಅದನ್ನು ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಸ್ಥೆಯಾದ ಎನ್.ಸಿ.ಎ.ಎ. ನಡೆಸುತ್ತಿದೆ. ಸ್ಪರ್ಧೆಯ ನಿಯಮಗಳನ್ನು ರೂಪಿಸುವ ಅಧಿಕಾರವೂ ಆ ಸಂಸ್ಥೆಯದೇ. ಜಿ.ಸಿ.ಎ.ಎ. ತರಬೇತುದಾರರ ಸಾಮೂಹಿಕ ಧ್ವನಿಯಾಗಿ ಕೆಲಸ ಮಾಡುತ್ತದೆ.

ಅಮೆರಿಕನ್ ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್ ಪಂದ್ಯಗಳಿಂದ ದೊಡ್ಡ ವಿಶ್ವವಿದ್ಯಾಲಯಗಳಿಗೆ ಟಿಕೆಟ್ ಮಾರಾಟ ಹಾಗೂ ದೂರದರ್ಶನ ಪ್ರಸಾರದ ಮೂಲಕ ಆದಾಯ ಬರುತ್ತದೆ. ಗಾಲ್ಫ್‌ನಿಂದ ಅಂತಹ ಆದಾಯವಿಲ್ಲ. ಹಣದ ಕೊರತೆ ಉಂಟಾದಾಗ ಇಂತಹ ಕ್ರೀಡೆಗಳ ತಂಡಗಳನ್ನೇ ರದ್ದುಪಡಿಸುವ ಸಾಧ್ಯತೆ ಹೆಚ್ಚು. ತಂಡವೊಂದು ರದ್ದಾದರೆ ತರಬೇತುದಾರರ ಉದ್ಯೋಗದೊಂದಿಗೆ ವಿದ್ಯಾರ್ಥಿಗಳ ಆಟದ ಅವಕಾಶವೂ ಇಲ್ಲವಾಗುತ್ತದೆ. ಸಂಘಟನೆಯ ಅಗತ್ಯ ಇದರಿಂದ ಸ್ಪಷ್ಟವಾಗುತ್ತದೆ.

ತರಬೇತುದಾರರ ಪಾತ್ರ

ಗಾಲ್ಫ್ ವೈಯಕ್ತಿಕ ಆಟವಾದರೂ ಕಾಲೇಜು ಮಟ್ಟದಲ್ಲಿ ಅದನ್ನು ತಂಡವಾಗಿಯೂ ಆಡಲಾಗುತ್ತದೆ. ಸಾಮಾನ್ಯವಾಗಿ ಐವರು ಆಡಿ, ಪ್ರತಿ ಸುತ್ತಿನಲ್ಲಿ ಉತ್ತಮವಾದ ನಾಲ್ವರ ಅಂಕಗಳನ್ನು ತಂಡದ ಲೆಕ್ಕಕ್ಕೆ ಸೇರಿಸಲಾಗುತ್ತದೆ. ಆಟಗಾರರ ಆಯ್ಕೆ, ವಿದ್ಯಾರ್ಥಿವೇತನದ ಹಂಚಿಕೆ, ಅಭ್ಯಾಸ ಮತ್ತು ಪ್ರವಾಸದ ಏರ್ಪಾಡು ತರಬೇತುದಾರರ ಹೊಣೆ. ನಿಗದಿತ ಶೈಕ್ಷಣಿಕ ಮಟ್ಟವನ್ನು ಕಾಯ್ದುಕೊಳ್ಳದ ವಿದ್ಯಾರ್ಥಿಯು ಸ್ಪರ್ಧಿಸುವ ಅರ್ಹತೆಯನ್ನೇ ಕಳೆದುಕೊಳ್ಳುವುದರಿಂದ, ವ್ಯಾಸಂಗದ ಮೇಲೂ ಅವರು ಗಮನವಿರಿಸಬೇಕಾಗುತ್ತದೆ.

ಪ್ರಶಸ್ತಿಗಳು

ವರ್ಷದ ಶ್ರೇಷ್ಠ ಆಟಗಾರನಿಗೆ ಜ್ಯಾಕ್ ನಿಕ್ಲಾಸ್ ಪ್ರಶಸ್ತಿಯನ್ನೂ, ಮೊದಲ ವರ್ಷದ ಶ್ರೇಷ್ಠ ಆಟಗಾರನಿಗೆ ಫಿಲ್ ಮಿಕೆಲ್ಸನ್ ಪ್ರಶಸ್ತಿಯನ್ನೂ ಸಂಘವು ನೀಡುತ್ತದೆ. ಭಾರತೀಯ ಮೂಲದ ಸಾಹಿತ್ ತೀಗಲ ಪೆಪ್ಪರ್‌ಡೈನ್ ವಿಶ್ವವಿದ್ಯಾಲಯದಲ್ಲಿದ್ದಾಗ, 2020ರಲ್ಲಿ, ನಿಕ್ಲಾಸ್ ಪ್ರಶಸ್ತಿಗೆ ಪಾತ್ರರಾದರು.

ವರ್ಷದ ಶ್ರೇಷ್ಠ ತರಬೇತುದಾರರಿಗೆ ನೀಡುವ ಪ್ರಶಸ್ತಿಗೆ ಡೇವ್ ವಿಲಿಯಮ್ಸ್ ಅವರ ಹೆಸರನ್ನಿಡಲಾಗಿದೆ. ಅವರ ತರಬೇತಿಯಲ್ಲಿ ಹೂಸ್ಟನ್ ವಿಶ್ವವಿದ್ಯಾಲಯದ ತಂಡವು 1956 ಮತ್ತು 1985ರ ನಡುವೆ 16 ರಾಷ್ಟ್ರೀಯ ಪ್ರಶಸ್ತಿಗಳನ್ನು ಗೆದ್ದಿತು.

ಆಟ ಮತ್ತು ವ್ಯಾಸಂಗ ಎರಡರಲ್ಲಿಯೂ ಉತ್ತಮ ಸಾಧನೆ ತೋರಿದವರನ್ನು ‘ಆಲ್-ಅಮೆರಿಕ ಸ್ಕಾಲರ್’ ಎಂದು ಗೌರವಿಸಲಾಗುತ್ತದೆ. ಕೇವಲ ಪಂದ್ಯಗಳ ಗೆಲುವು ಈ ಮನ್ನಣೆಗೆ ಸಾಲದು.

ಪಾಮರ್ ಕಪ್

ಹೆಸರಾಂತ ಗಾಲ್ಫ್ ಆಟಗಾರ ಆರ್ನಾಲ್ಡ್ ಪಾಮರ್ ಅವರೊಡನೆ ಸೇರಿ ಸಂಘವು ಆರಂಭಿಸಿದ ಈ ಸ್ಪರ್ಧೆ 1997ರಲ್ಲಿ ಫ್ಲಾರಿಡಾದ ಬೇ ಹಿಲ್‌ನಲ್ಲಿ ಮೊದಲ ಬಾರಿಗೆ ನಡೆಯಿತು. ಆರಂಭದಲ್ಲಿ ಅಮೆರಿಕದ ಕಾಲೇಜು ಆಟಗಾರರು ಗ್ರೇಟ್ ಬ್ರಿಟನ್ ಮತ್ತು ಐರ್ಲೆಂಡ್‌ನ ಆಟಗಾರರನ್ನು ಎದುರಿಸುತ್ತಿದ್ದರು. 2003ರಿಂದ ಯುರೋಪಿನ ತಂಡವು ಎದುರಾಳಿಯಾಯಿತು. 2018ರಲ್ಲಿ ಮಹಿಳೆಯರಿಗೂ ಪ್ರವೇಶ ದೊರೆಯಿತು. ಅದೇ ವರ್ಷ ಯುರೋಪಿನ ತಂಡದ ಬದಲು ಜಗತ್ತಿನ ಉಳಿದ ದೇಶಗಳ ಆಟಗಾರರನ್ನೊಳಗೊಂಡ ಅಂತರರಾಷ್ಟ್ರೀಯ ತಂಡವನ್ನು ರಚಿಸಲಾಯಿತು.