ಶಾಲೆಯ ಸುದ್ದಿ ಮನೆಗೆ ಮುಟ್ಟುವ ಬಗೆ

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಏಳನೆಯ ತರಗತಿ ಓದುತ್ತಿರುವ ಮಗುವಿನ ಸಮಾಚಾರವನ್ನು ಮನೆಗೆ ಮುಟ್ಟಿಸುವವರು ಯಾರು? ಕಾನೂನನ್ನು ಕೇಳಿದರೆ ಶಿಕ್ಷಕರು ಎನ್ನುತ್ತದೆ. ಸುತ್ತೋಲೆಗಳನ್ನು ಕೇಳಿದರೆ ಮುಖ್ಯಶಿಕ್ಷಕರು ಮತ್ತು ಶಾಲಾ ಸಮಿತಿ ಎನ್ನುತ್ತವೆ. ಊರವರನ್ನು ಕೇಳಿದರೆ ಮಾತ್ರ ನಿಜ ತಿಳಿಯುತ್ತದೆ: ಆ ಮಗುವೇ. ಸಭೆಯ ಚೀಟಿ ಒಯ್ಯುವುದು ಮಗು, ಪ್ರಗತಿ ಪತ್ರ ಒಯ್ಯುವುದು ಮಗು, ಮನೆಯಲ್ಲಿ ಹಿರಿಯರಿಗೆ ಓದು ಬಾರದಿದ್ದರೆ ಅದನ್ನು ಓದಿ ಅರ್ಥ ಹೇಳುವುದೂ ಮಗುವೇ. ಆಪಾದಿತನ ಕೈಯಲ್ಲೇ ಸಮನ್ಸು ಕೊಟ್ಟು ಕಳುಹಿಸಿದಂಥ ಈ ಏರ್ಪಾಡು ಇಷ್ಟು ವರ್ಷ ನಡೆದುಕೊಂಡು ಬಂದಿರುವುದೇ ಒಂದು ಸೋಜಿಗ.

ಒಂದನೆಯ, ಎರಡನೆಯ ತರಗತಿಯ ಮಾತು ಬೇರೆ. ಮಗುವನ್ನು ತಾಯಿ ಅಥವಾ ಅಜ್ಜಿ ಕೈಹಿಡಿದು ಶಾಲೆಯ ಬಾಗಿಲವರೆಗೆ ಬಿಡುತ್ತಾರೆ. ಮೇಡಂ ಜೊತೆ ಎರಡು ಮಾತು ಆಗುತ್ತದೆ. ಆರು, ಏಳನೆಯ ತರಗತಿಗೆ ಬರುವ ಹೊತ್ತಿಗೆ ಮಗು ತಾನಾಗಿ ಹೋಗಿ ಬರುತ್ತದೆ. ಪಾಠ ಕನ್ನಡದ ಜೊತೆಗೆ ಇಂಗ್ಲಿಷು, ಹಿಂದಿ, ಬೀಜಗಣಿತದವರೆಗೆ ಬೆಳೆದು, ಎಷ್ಟೋ ತಂದೆತಾಯಿಗಳ ಸ್ವಂತ ಓದು ನಿಂತ ಗಡಿಯನ್ನು ದಾಟಿರುತ್ತದೆ. ಮನೆಗೆಲಸಕ್ಕೆ, ಹೊಲಕ್ಕೆ, ತಮ್ಮ-ತಂಗಿಯರನ್ನು ನೋಡಿಕೊಳ್ಳುವುದಕ್ಕೆ ಮಗು ಒದಗುವುದೂ ಇದೇ ವಯಸ್ಸಿನಲ್ಲಿ. ಶಾಲೆಗೂ ಮನೆಗೂ ಮಾತು ಹೆಚ್ಚು ಬೇಕಾದ ಈ ಹೊತ್ತಿನಲ್ಲೇ ಮಾತು ಕಡಿಮೆಯಾಗುತ್ತದೆ.

ಹಳೆಯ ಮೈಸೂರು ಸೀಮೆಯವರು ‘ಮಿಡ್ಲ್ ಸ್ಕೂಲು’ ಎಂದು ಕರೆಯುತ್ತಿದ್ದ, ಮುಂಬಯಿ ಕರ್ನಾಟಕದ ಕಡೆ ‘ಮುಲ್ಕಿ’ ಪರೀಕ್ಷೆಯಲ್ಲಿ ಕೊನೆಗೊಳ್ಳುತ್ತಿದ್ದ ಓದಿನ ಕಾಲದಲ್ಲಿ ಈ ತೊಡಕು ಅಷ್ಟಾಗಿ ಇರಲಿಲ್ಲ. ಮೇಷ್ಟರು ಬಹುಪಾಲು ಅದೇ ಊರಿನಲ್ಲಿ ಅಥವಾ ಪಕ್ಕದ ಊರಿನಲ್ಲಿ ಇರುತ್ತಿದ್ದರು. ಸಂತೆಯಲ್ಲೋ ಗುಡಿಯ ಕಟ್ಟೆಯ ಮೇಲೋ ಹುಡುಗನ ತಂದೆ ಸಿಕ್ಕರೆ ಅಲ್ಲೇ ವರದಿ ಒಪ್ಪಿಸಿ ಮುಗಿಸುತ್ತಿದ್ದರು. ಆ ವರದಿಯ ಪರಿಣಾಮ ಅಂದು ಸಂಜೆಯೇ ಹುಡುಗನ ಬೆನ್ನ ಮೇಲೆ ಕಾಣುತ್ತಿತ್ತು ಎನ್ನುವುದನ್ನೂ ಮರೆಯಬಾರದು. ಶಾಲೆಗೆ ಬಂದವರೇ ಕಡಿಮೆ, ಹೆಣ್ಣುಮಕ್ಕಳಂತೂ ಇನ್ನೂ ಕಡಿಮೆ. ಹೀಗಾಗಿ ಆ ಕಾಲವನ್ನು ಹೊಗಳಿ ಕೂಡುವುದರಲ್ಲಿ ಅರ್ಥವಿಲ್ಲ. ಆದರೆ ಸುದ್ದಿ ನೇರವಾಗಿ, ದೊಡ್ಡವರಿಂದ ದೊಡ್ಡವರಿಗೆ, ಬಾಯಿಮಾತಿನಲ್ಲಿ ಹೋಗುತ್ತಿತ್ತು ಎಂಬುದು ನಿಜ. ಇಂದು ಅನೇಕ ಶಿಕ್ಷಕರು ತಾಲ್ಲೂಕು ಕೇಂದ್ರದಲ್ಲಿ ಮನೆಮಾಡಿ ಬಸ್ಸು, ಬೈಕುಗಳಲ್ಲಿ ಓಡಾಡುತ್ತಾರೆ. ಕೂಲಿಗೆ ಹೋಗುವ ತಂದೆತಾಯಿ ಮನೆಗೆ ಬರುವ ವೇಳೆಗೆ ಶಾಲೆಯ ಬೀಗ ಬಿದ್ದಿರುತ್ತದೆ.

ಮಾತಿನ ಜಾಗಕ್ಕೆ ಬಂದದ್ದು ಕಾಗದ. ಪ್ರಗತಿ ಪತ್ರಕ್ಕೆ ‘ಪೋಷಕರ ಸಹಿ’ ಎಂಬ ಒಂದು ಕಾಲಂ ಇರುತ್ತದೆ. ಸಹಿ ಬಾರದವರದು ಹೆಬ್ಬೆಟ್ಟು. ತಂದೆಯ ಸಹಿಯನ್ನು ನಕಲು ಮಾಡುವ ಹುಡುಗ ಸಿಕ್ಕಿಬೀಳಬಹುದು. ಹೆಬ್ಬೆಟ್ಟು ತಂದೆಯದೋ ಮಗನದೋ ಎಂದು ಕಂಡುಹಿಡಿಯಲು ಮೇಷ್ಟರೇನು ಬೆರಳಚ್ಚು ತಜ್ಞರಲ್ಲ. ಆದರೂ ಹಳೆಯ ಅಂಕಪಟ್ಟಿಗೆ ಒಂದು ಗುಣವಿತ್ತು. ಅಕ್ಷರ ಬಾರದವರಿಗೂ ಕೆಂಪು ಶಾಯಿ ತಿಳಿಯುತ್ತಿತ್ತು. ಪಾಸು, ನಪಾಸು ಎಂಬ ಎರಡು ಮಾತು ಎಲ್ಲರ ಮನೆಯಲ್ಲೂ ಚಲಾವಣೆಯಲ್ಲಿದ್ದವು.

ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಬಂದ ಮೇಲೆ ಕೆಂಪು ಶಾಯಿ ಹೋಯಿತು. ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳು. ಅಂಕದ ಬದಲು ಎ, ಬಿ ಪ್ಲಸ್, ಬಿ ಎಂಬ ಶ್ರೇಣಿಗಳು. ಒಂದೇ ದಿನದ ಪರೀಕ್ಷೆಯಿಂದ ಮಗುವನ್ನು ತೂಗಬಾರದು ಎಂಬ ಇದರ ಹಿಂದಿನ ವಿಚಾರ ಒಳ್ಳೆಯದೇ. ಆದರೆ ‘ಬಿ ಪ್ಲಸ್’ ಎಂದರೆ ಮಗ ಕನ್ನಡ ಪಾಠವನ್ನು ತಡವರಿಸದೆ ಓದಬಲ್ಲನೇ, ಭಾಗಾಕಾರ ಮಾಡಬಲ್ಲನೇ ಎಂಬ ಪ್ರಶ್ನೆಗೆ ಉತ್ತರ ಅದರಲ್ಲಿಲ್ಲ. ‘ರೂಪಣಾತ್ಮಕ’ ಎಂಬ ಪದ ಓದು ಬಲ್ಲವರನ್ನೂ ಒಂದು ಕ್ಷಣ ನಿಲ್ಲಿಸುತ್ತದೆ. ಮನೆಯಲ್ಲಿ ಅದನ್ನು ವಿವರಿಸುವ ಹೊಣೆ ಮತ್ತೆ ಹನ್ನೆರಡು ವರ್ಷದ ಪೋರನ ಮೇಲೆ. ಅವನು ವಿವರಿಸುವುದು ತನಗೆ ಅನುಕೂಲವಾದಂತೆಯೇ.

ಪೋಷಕರನ್ನು ಶಾಲೆಯೊಳಕ್ಕೆ ಕರೆತರುವ ಪ್ರಯತ್ನವನ್ನು ಕರ್ನಾಟಕ ಇತರ ಅನೇಕ ರಾಜ್ಯಗಳಿಗಿಂತ ಮೊದಲೇ ಮಾಡಿದೆ. ವಿಜ್ಞಾನಿ ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನಂತೆ 2001ರ ಏಪ್ರಿಲ್‌ನಲ್ಲಿ ಸರ್ಕಾರಿ ಶಾಲೆಗಳಿಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ರಚಿಸುವ ಆದೇಶ ಹೊರಟಿತು. ಊರಿನ ಗಣ್ಯರಿಗಿಂತ ಮಕ್ಕಳನ್ನು ಶಾಲೆಗೆ ಕಳುಹಿಸುವ ಪೋಷಕರಿಗೇ ಅದರಲ್ಲಿ ಪ್ರಾಧಾನ್ಯ. ಜನರ ಬಾಯಲ್ಲಿ ಅದು ‘ಎಸ್‌ಡಿಎಂಸಿ’ ಆಗಿ, ಕೆಲವು ಊರುಗಳಲ್ಲಿ ಪಂಚಾಯಿತಿ ಚುನಾವಣೆಯಷ್ಟೇ ಬಿಸಿಯ ವಿಷಯವೂ ಆಯಿತು. ಆಮೇಲೆ 2009ರಲ್ಲಿ ಸಂಸತ್ತು ಅಂಗೀಕರಿಸಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಇಂಥ ಸಮಿತಿಗಳನ್ನು ದೇಶಕ್ಕೆಲ್ಲ ವಿಸ್ತರಿಸಿತು. ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು.

ಅದೇ ಕಾಯ್ದೆಯ 24ನೆಯ ಕಲಂ ಶಿಕ್ಷಕರ ಕರ್ತವ್ಯಗಳನ್ನು ಹೇಳುತ್ತದೆ. ಹೊತ್ತಿಗೆ ಸರಿಯಾಗಿ ಬರುವುದು, ಪಠ್ಯ ಮುಗಿಸುವುದು ಮುಂತಾದವುಗಳ ಜೊತೆಗೇ ಇನ್ನೊಂದಿದೆ: ಪೋಷಕರೊಂದಿಗೆ ನಿಯತವಾಗಿ ಸಭೆ ನಡೆಸಿ, ಮಗುವಿನ ಹಾಜರಾತಿ, ಕಲಿಯುವ ಸಾಮರ್ಥ್ಯ, ಕಲಿಕೆಯಲ್ಲಿ ಆಗಿರುವ ಪ್ರಗತಿ ಇವುಗಳನ್ನು ತಿಳಿಸತಕ್ಕದ್ದು. ಎಂದರೆ ಮನೆಗೆ ಸುದ್ದಿ ಮುಟ್ಟಿಸುವುದು ಶಿಕ್ಷಕರ ದೊಡ್ಡತನವಲ್ಲ, ಕಾಯ್ದೆಯ ಪ್ರಕಾರ ಅವರ ಕೆಲಸದ ಒಂದು ಭಾಗ. ಕೇಳುವುದು ಪೋಷಕರ ಹಕ್ಕು. ಈ ಕಲಂ ಬಗ್ಗೆ ಪೋಷಕರಿಗೆ ಯಾರಾದರೂ ತಿಳಿಸಿದ್ದಾರೆಯೇ ಎಂದು ಕೇಳಿದರೆ ಅದು ಇನ್ನೊಂದು ಕಥೆ.

ಸಭೆಗಳೇನೋ ನಡೆಯುತ್ತವೆ. ನಡಾವಳಿ ಪುಸ್ತಕ ತುಂಬುತ್ತದೆ. ಆದರೆ ಅಲ್ಲಿ ಚರ್ಚೆಯಾಗುವುದೇನು? ಕಾಂಪೌಂಡು, ಸೋರುವ ಮಾಳಿಗೆ, ಶೌಚಾಲಯಕ್ಕೆ ನೀರು, ಸಮವಸ್ತ್ರದ ಅಳತೆ, ಸ್ವಾತಂತ್ರ್ಯ ದಿನದ ಸಿಹಿ. ಬಳಿಕ ಕಾಗದಪತ್ರಗಳ ಪಟ್ಟಿ: ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್, ವಿದ್ಯಾರ್ಥಿವೇತನಕ್ಕೆ ಬ್ಯಾಂಕ್ ಖಾತೆ. ಇವು ಯಾವುವೂ ಬೇಡದ ವಿಷಯಗಳಲ್ಲ. ಶೌಚಾಲಯಕ್ಕೆ ನೀರಿಲ್ಲವೆಂದರೆ ಏಳನೆಯ ತರಗತಿಯ ಹುಡುಗಿ ತಿಂಗಳಲ್ಲಿ ನಾಲ್ಕು ದಿನ ಮನೆಯಲ್ಲೇ ಉಳಿಯುತ್ತಾಳೆ. ಆದರೆ ಶಾಲೆ ಮನೆಯವರಿಗೆ ಹೇಳುವ ಮಾತೆಲ್ಲ ‘ತನ್ನಿ’, ‘ಬನ್ನಿ’, ‘ಸಹಿ ಹಾಕಿ’ ಎಂಬ ಮೂರು ಕ್ರಿಯಾಪದಗಳಲ್ಲಿ ಮುಗಿದರೆ, ಮಗು ಏನು ಕಲಿಯಿತು ಎಂಬುದು ಕಲಾಪಪಟ್ಟಿಯ ಕೊನೆಗೆ ಬೀಳುತ್ತದೆ. ಒಂದು ದಿನದ ಕೂಲಿ ಬಿಟ್ಟು ಬಂದ ತಾಯಿ ಸಹಿ ಹಾಕಿ ಎದ್ದು ಹೋಗುತ್ತಾಳೆ. ಮುಂದಿನ ಸಭೆಗೆ ಅವಳು ಬಾರದಿದ್ದರೆ ‘ಪೋಷಕರಿಗೆ ಆಸಕ್ತಿಯಿಲ್ಲ’ ಎಂದು ಹೇಳುವುದು ಸುಲಭ.

ಸಮಿತಿ ಮಾಡಿಬಿಟ್ಟರೆ, ಮಾಹಿತಿ ಕೊಟ್ಟುಬಿಟ್ಟರೆ ಸಾಕೇ ಎಂಬುದನ್ನು ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯಲ್ಲಿ ಒರೆಗೆ ಹಚ್ಚಿ ನೋಡಿದ್ದುಂಟು. ಮುಂದೆ 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ‘ಪ್ರಥಮ್’ ಸಂಸ್ಥೆಯೊಂದಿಗೆ 280 ಹಳ್ಳಿಗಳಲ್ಲಿ ನಡೆಸಿದ ಈ ಅಧ್ಯಯನದಲ್ಲಿ ಮೊದಲು ಕಂಡುಬಂದದ್ದು ವಿಚಿತ್ರವಾಗಿತ್ತು. ಗ್ರಾಮ ಶಿಕ್ಷಣ ಸಮಿತಿ ಎಂಬುದೊಂದು ಇದೆಯೆಂದೇ ನೂರಕ್ಕೆ 92 ಪೋಷಕರಿಗೆ ಗೊತ್ತಿರಲಿಲ್ಲ. ಸಮಿತಿಯ ಸದಸ್ಯರಾಗಿದ್ದ ಪೋಷಕರಲ್ಲೇ ಸುಮಾರು ನಾಲ್ವರಲ್ಲಿ ಒಬ್ಬರಿಗೆ ತಾವು ಸದಸ್ಯರೆಂಬುದು ತಿಳಿದಿರಲಿಲ್ಲ. ತಮ್ಮ ಮಕ್ಕಳಿಗೆ ಎಷ್ಟು ಓದು ಬರುತ್ತದೆ ಎಂಬ ಬಗ್ಗೆ ತಂದೆತಾಯಿಗಳ ಅಂದಾಜು ವಾಸ್ತವಕ್ಕಿಂತ ಮೇಲಿತ್ತು.

ಆಗ ಕೆಲವು ಹಳ್ಳಿಗಳಲ್ಲಿ ಸಭೆ ಕರೆದು ಮಾಹಿತಿ ಕೊಟ್ಟರು. ಕೆಲವು ಕಡೆ ಅದರ ಮೇಲೆ, ಮಕ್ಕಳ ಓದನ್ನು ಊರವರೇ ಪರೀಕ್ಷಿಸಿ ಪಟ್ಟಿ ಮಾಡುವುದನ್ನು ಕಲಿಸಿದರು. ಇನ್ನು ಕೆಲವು ಕಡೆ ಊರಿನ ಯುವಕರಿಗೆ ತರಬೇತಿ ಕೊಟ್ಟು, ಶಾಲೆಯ ಹೊತ್ತಿನ ಹೊರಗೆ ಓದಿಸುವ ಶಿಬಿರ ನಡೆಸಿದರು. ಮಕ್ಕಳ ಓದು ಸುಧಾರಿಸಿದ್ದು ಶಿಬಿರ ನಡೆದ ಹಳ್ಳಿಗಳಲ್ಲಿ ಮಾತ್ರ. ಬರೀ ತಿಳಿದುಕೊಂಡ ಪೋಷಕರು ಸಮಿತಿಯ ಮೂಲಕ ಶಾಲೆಯನ್ನು ಬದಲಿಸಲು ಮುಂದಾಗಲಿಲ್ಲ. ಮಾಹಿತಿ ವ್ಯರ್ಥ ಎಂದು ಇದರ ಅರ್ಥ ಮಾಡಿದವರಿದ್ದಾರೆ. ಅದು ಅವಸರದ ತೀರ್ಮಾನ. ತಿಳಿದ ಮೇಲೆ ಕೈಯಿಂದ ಆಗುವಂಥ ಒಂದು ಕೆಲಸ ಎದುರಿಗಿದ್ದಾಗ ಊರವರು ಎದ್ದು ನಿಂತರು, ಇಲ್ಲದಿದ್ದಾಗ ಸುಮ್ಮನಾದರು ಎಂದು ಓದಿಕೊಳ್ಳುವುದು ಹೆಚ್ಚು ಸರಿ.

ನಮ್ಮಲ್ಲಿ ‘ಸಮುದಾಯದತ್ತ ಶಾಲೆ’ ಎಂಬ ಹೆಸರಿನಲ್ಲಿ ನಡೆದ ಕಾರ್ಯಕ್ರಮದ ಆಶಯ ಇದಕ್ಕೆ ಹತ್ತಿರವಾದದ್ದು. ಮೌಲ್ಯಮಾಪನ ಮುಗಿದ ಮೇಲೆ ಪೋಷಕರನ್ನು ಕರೆದು ಮಕ್ಕಳ ಸಾಧನೆಯನ್ನು ಅವರ ಮುಂದಿಡುವುದು ಅದರ ಉದ್ದೇಶ. ಮಗು ವರ್ಷವಿಡೀ ಬರೆದ, ಬಿಡಿಸಿದ ಹಾಳೆಗಳನ್ನು ಜೋಡಿಸಿಟ್ಟ ‘ಕೃತಿ ಸಂಪುಟ’ವನ್ನು ತೋರಿಸಬಹುದು, ಮಗುವಿನಿಂದ ಎಲ್ಲರೆದುರು ಓದಿಸಬಹುದು. ಅಕ್ಷರ ಬಾರದ ತಾಯಿಗೆ ಶ್ರೇಣಿ ತಿಳಿಯದು, ಆದರೆ ಮಗಳು ಸರಾಗವಾಗಿ ಓದಿದಳೋ ಪ್ರತಿ ಪದಕ್ಕೂ ಎಡವಿದಳೋ ಎಂಬುದು ಕಿವಿಗೆ ತಿಳಿಯುತ್ತದೆ. ಇದಕ್ಕೆ ಅನುದಾನ ಬೇಕಿಲ್ಲ, ಸುತ್ತೋಲೆಯೂ ಬೇಕಿಲ್ಲ. ಬೇಕಾದದ್ದು ಕೂಲಿಯವರು ಬರಬಹುದಾದ ಹೊತ್ತು. ಎಡವಿದ ಮಗುವನ್ನು ಸಭೆಯಲ್ಲಿ ನಗೆಪಾಟಲು ಮಾಡದ ಸೂಕ್ಷ್ಮವೂ ಬೇಕು.

ಊರಿಗೆ ಶಾಲೆಯ ಸುದ್ದಿ ತಲುಪಿಸುವವರಲ್ಲಿ ಯಾವ ಸುತ್ತೋಲೆಯೂ ಹೆಸರಿಸದ ಇನ್ನೊಂದು ವರ್ಗವಿದೆ: ಬಿಸಿಯೂಟದ ಅಡುಗೆಯವರು. ‘ಅಕ್ಷರ ದಾಸೋಹ’ 2002ರಲ್ಲಿ ಆರಂಭವಾಗಿ ರಾಜ್ಯದ ತುಂಬ ಹರಡಿದ ಮೇಲೆ ಸಾವಿರಾರು ಶಾಲೆಗಳಿಗೆ ಅದೇ ಊರಿನ ಹೆಂಗಸರು ದಿನವೂ ಬರುವಂತಾಯಿತು. ಯಾವ ಮಗು ಇವತ್ತು ಬಂದಿಲ್ಲ, ಯಾವುದು ಅನ್ನ ಬಿಟ್ಟೆದ್ದಿತು, ಯಾರ ಮೇಲೆ ಯಾರು ಕೈಮಾಡಿದರು, ಯಾವ ಮೇಡಂ ರಜೆ ಎಂಬುದೆಲ್ಲ ಸಂಜೆಯೊಳಗೆ ನಲ್ಲಿಕಟ್ಟೆಗೆ ಬಂದಿರುತ್ತದೆ. ಇದರಲ್ಲಿ ಒಂದಿಷ್ಟು ಉಪ್ಪುಖಾರ ಸೇರಿರುತ್ತದೆ, ನಿಜ. ಆದರೂ ಪಕ್ಕದ ಮನೆಯ ಹುಡುಗಿ ಊಟದ ಸಾಲಿನಲ್ಲಿ ಮೂರು ದಿನದಿಂದ ಕಂಡಿಲ್ಲವೆಂಬುದನ್ನು ಹಾಜರಿ ಪುಸ್ತಕಕ್ಕಿಂತ ಮೊದಲು ಗಮನಿಸುವುದು ಸೌಟು ಹಿಡಿದ ಕೈಯೇ.

ಈಚೆಗೆ ಮೊಬೈಲು ಬಂದಿದೆ. ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದ 2020ರಲ್ಲಿ ಇಲಾಖೆ ‘ವಿದ್ಯಾಗಮ’ ಆರಂಭಿಸಿದಾಗ ಮಕ್ಕಳನ್ನು ಸ್ಮಾರ್ಟ್ ಫೋನ್ ಇರುವವರು, ಸಾದಾ ಫೋನ್ ಇರುವವರು, ಯಾವುದೂ ಇಲ್ಲದವರು ಎಂದು ವಿಂಗಡಿಸಬೇಕಾಯಿತು. ಶಿಕ್ಷಕರು ಗುಡಿ, ಸಮುದಾಯ ಭವನ, ಮರದ ನೆರಳುಗಳಲ್ಲಿ ಪಾಠ ಮಾಡಿದರು. ಸೋಂಕಿನ ಭೀತಿಯಿಂದ ಅಕ್ಟೋಬರ್‌ನಲ್ಲಿ ಅದು ನಿಂತಿತು. ಅಷ್ಟರಲ್ಲಿ ಅನೇಕ ಶಿಕ್ಷಕರು ಮೊದಲ ಬಾರಿಗೆ ತಮ್ಮ ವಿದ್ಯಾರ್ಥಿಗಳ ಕೇರಿಯನ್ನು, ಓದಲು ಜಾಗವಿಲ್ಲದ ಒಂದೇ ಕೋಣೆಯ ಮನೆಗಳನ್ನು ಕಂಡಿದ್ದರು. ಸುದ್ದಿ ಮನೆಯಿಂದ ಶಾಲೆಗೂ ಹೋಗಬೇಕು ಎಂಬುದು ಆಗ ತಾನಾಗಿಯೇ ನಡೆಯಿತು. ತರುವಾಯ ಉಳಿದುಕೊಂಡದ್ದು ವಾಟ್ಸ್‌ಆ್ಯಪ್ ಗುಂಪು. ಅಲ್ಲಿ ಧ್ವಜಾರೋಹಣದ ಚಿತ್ರ, ರಜೆಯ ಪ್ರಕಟಣೆ, ಶುಭೋದಯಗಳು ಧಾರಾಳವಾಗಿ ಬರುತ್ತವೆ. ಫೋನು ತಂದೆಯ ಜೇಬಿನಲ್ಲಿ ಕೆಲಸಕ್ಕೆ ಹೋಗಿರುತ್ತದೆ, ಇಲ್ಲವೇ ಮಗುವಿನ ಕೈಯಲ್ಲೇ ಇರುತ್ತದೆ. ಹಳೆಯ ಟಪಾಲಿನವನೇ ಹೊಸ ಟಪಾಲಿಗೂ!

ಮಗುವಿನ ಫಲಿತಾಂಶ ತಂದೆತಾಯಿಗೆ ತಿಳಿಯಬೇಕೇ ಬೇಡವೇ ಎಂಬುದು ದೇಶದ ಅತ್ಯುನ್ನತ ನ್ಯಾಯಾಲಯದವರೆಗೂ ಹೋದದ್ದು ಕರ್ನಾಟಕದ ಪ್ರಕರಣದಲ್ಲೇ. ಐದು, ಎಂಟು, ಒಂಬತ್ತನೆಯ ತರಗತಿಗಳಿಗೆ ರಾಜ್ಯಮಟ್ಟದ ಪರೀಕ್ಷೆ ನಡೆಸುವ ಸರ್ಕಾರದ ತೀರ್ಮಾನ ವ್ಯಾಜ್ಯಕ್ಕೆ ಸಿಕ್ಕು, ಹೈಕೋರ್ಟಿನಲ್ಲಿ ಒಮ್ಮೆ ರದ್ದಾಗಿ, ಮತ್ತೊಮ್ಮೆ ಊರ್ಜಿತವಾಗಿ, 2024ರ ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತು. ಫಲಿತಾಂಶವನ್ನು ಯಾವುದೇ ಉದ್ದೇಶಕ್ಕೆ ಪರಿಗಣಿಸಬಾರದು, ಸದ್ಯಕ್ಕೆ ಪೋಷಕರಿಗೂ ತಿಳಿಸಬಾರದು ಎಂದಿತು. ಪರೀಕ್ಷೆ ಬೇಕೋ ಬೇಡವೋ ಎಂಬ ಜಗಳದಲ್ಲಿ ಎರಡೂ ಕಡೆ ವಾದಗಳಿದ್ದವು. ವರ್ಷವಿಡೀ ಶಾಲೆ ಮನೆಯೊಡನೆ ಮಾತನಾಡುತ್ತಿದ್ದರೆ ಒಂದು ಫಲಿತಾಂಶದ ಹಾಳೆಗೆ ಇಷ್ಟೊಂದು ತೂಕ ಬರುತ್ತಿರಲಿಲ್ಲ.

ಈ ಸುದ್ದಿ ಕಡಿದುಹೋದಾಗ ಆಗುವ ನಷ್ಟ ಹೆಚ್ಚಾಗಿ ಕಾಣುವುದು ಏಳು ಮುಗಿದು ಎಂಟಕ್ಕೆ ಹೋಗುವಾಗ. ನಮ್ಮ ಅನೇಕ ಹಳ್ಳಿಗಳಲ್ಲಿ ಶಾಲೆ ಇರುವುದು ಏಳನೆಯ ತರಗತಿಯವರೆಗೆ. ಎಂಟಕ್ಕೆ ಮೂರೋ ನಾಲ್ಕೋ ಮೈಲಿಯಾಚೆಯ ಹೈಸ್ಕೂಲು, ಹೊಸ ಶಿಕ್ಷಕರು, ಅಡುಗೆಮನೆಯಲ್ಲಿ ಪಕ್ಕದ ಮನೆಯ ಹೆಂಗಸಿಲ್ಲ. ಮಗು ಸತತ ಏಳು ದಿನ ಬಾರದಿದ್ದರೆ ಶಾಲೆ ಎಚ್ಚೆತ್ತು ವಿಚಾರಿಸಬೇಕೆಂಬ ನಿಯಮ, 2013ರಲ್ಲಿ ಪತ್ರಿಕಾ ವರದಿಯೊಂದನ್ನು ಆಧರಿಸಿ ಹೈಕೋರ್ಟ್ ತಾನಾಗಿಯೇ ಕೈಗೆತ್ತಿಕೊಂಡ ಪ್ರಕರಣದ ಬೆನ್ನಿಗೆ ರಾಜ್ಯದಲ್ಲಿ ಬಂತು. ಆದರೆ ಹಳೆಯ ಶಾಲೆಯಿಂದ ಬಿಟ್ಟು ಹೊಸ ಶಾಲೆಗೆ ಇನ್ನೂ ಸೇರದ ಬೇಸಿಗೆಯಲ್ಲಿ ಮಗು ಯಾರ ಹಾಜರಿ ಪುಸ್ತಕದಲ್ಲೂ ಇರುವುದಿಲ್ಲ. ಆ ಎರಡು ತಿಂಗಳಲ್ಲಿ ಮನೆಯವರ ಕೈಯಲ್ಲಿರುವುದು ವರ್ಗಾವಣೆ ಪತ್ರವೊಂದೇ. ಹೆಸರು, ಹುಟ್ಟಿದ ದಿನ, ಜಾತಿ, ಮಾತೃಭಾಷೆ, ಶಾಲೆ ಬಿಟ್ಟ ದಿನ ಎಲ್ಲ ಅದರಲ್ಲಿವೆ. ಏಳು ವರ್ಷ ಆ ಮಗುವನ್ನು ಬಲ್ಲ ಶಾಲೆ ಅದರ ಬಗ್ಗೆ ಹೇಳುವ ಕೊನೆಯ ಮಾತು ‘ನಡತೆ’ ಎಂಬ ಕಾಲಂನಲ್ಲಿರುತ್ತದೆ. ಅಲ್ಲಿ ಎಲ್ಲರಿಗೂ ಬರೆಯುವುದು ಒಂದೇ: ‘ಉತ್ತಮ’.