ತಟ್ಟೆಯಲ್ಲಿ ಗೆದ್ದ ಗುಳಿಗೆ

2020ರಲ್ಲಿ ಎಲ್ಲರ ಬಾಯಲ್ಲೂ ಒಂದೇ ಗುಳಿಗೆಯ ಹೆಸರು: ಹೈಡ್ರಾಕ್ಸಿಕ್ಲೋರೋಕ್ವಿನ್. ಎಷ್ಟೋ ಔಷಧಿ ಅಂಗಡಿಗಳಲ್ಲಿ ಅದು ಮುಗಿದೇ ಹೋಯಿತು. ಸಂಧಿವಾತಕ್ಕೆ, ಲೂಪಸ್ಸಿಗೆ ದಿನಾ ಅದನ್ನೇ ನುಂಗುವವರು ಪರದಾಡಿದರು. ಪ್ರಯೋಗಶಾಲೆಯಲ್ಲಿ ಕೊರೊನಾ ವೈರಸ್ಸನ್ನು ತಡೆದ ಔಷಧಿ ಮನುಷ್ಯನಲ್ಲಿ ಯಾಕೆ ಸೋತಿತು? ನಾನು ಕಾಮರ್ಸ್ ಓದುವವನು. ಆದರೆ ಇದೂ ಒಂದು ಜಮಾ-ಖರ್ಚಿನ ಲೆಕ್ಕವೇ ಆದ್ದರಿಂದ ಬರೆಯುವ ಧೈರ್ಯ ಮಾಡಿದ್ದೇನೆ.

ಮೊದಲ ಪರೀಕ್ಷೆ ಜೀವಕೋಶಗಳಲ್ಲಿ. ತಟ್ಟೆಯಲ್ಲಿ ಕೋಶ ಬೆಳೆಸಿ, ವೈರಸ್ ಬಿಟ್ಟು, ಔಷಧಿಯನ್ನು ಬೇರೆ ಬೇರೆ ಪ್ರಮಾಣದಲ್ಲಿ ಹಾಕುತ್ತಾರೆ. ವೈರಸ್ ಅರ್ಧಕ್ಕೆ ಇಳಿಯಲು ಎಷ್ಟು ಔಷಧಿ ಬೇಕು? ಕೋಶಗಳೇ ಅರ್ಧದಷ್ಟು ಸಾಯಲು ಎಷ್ಟು ಸಾಕು? ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ. ಉತ್ತರ ದೊಡ್ಡದಿದ್ದಷ್ಟೂ ಒಳ್ಳೇದು. ಒಂದರ ಹತ್ತಿರ ಬಂತೋ, ಇಲಿ ಓಡಿಸಲು ಮನೆಗೆ ಬೆಂಕಿ ಇಟ್ಟ ಹಾಗೆ!

ಇದರಲ್ಲಿ ನಮ್ಮ ಗುಳಿಗೆ ಪಾಸಾಯಿತು. ಆದರೆ ಯಾರ ಕೋಶ ಅಂತ ಕೇಳಬೇಡವೆ? ಅದು ವೇರೋ ಕೋಶ. 1962ರಲ್ಲಿ ಜಪಾನಿನ ಚೀಬಾ ವಿಶ್ವವಿದ್ಯಾಲಯದಲ್ಲಿ ಆಫ್ರಿಕದ ಹಸಿರು ಕೋತಿಯ ಮೂತ್ರಪಿಂಡದಿಂದ ಬೆಳೆಸಿದ್ದು. ಇದರೊಳಕ್ಕೆ ವೈರಸ್ ಹೋಗುವುದು ಹಿಂಬಾಗಿಲಿನಿಂದ. ಕೋಶ ಅದನ್ನು ಪುಟ್ಟ ಚೀಲದಲ್ಲಿ ಒಳಗೆಳೆದುಕೊಳ್ಳುತ್ತದೆ. ಆ ಚೀಲದ ಹುಳಿಯಲ್ಲೇ ವೈರಸ್ ಬಿಚ್ಚಿಕೊಳ್ಳಬೇಕು. ಗುಳಿಗೆ ಆ ಹುಳಿಯನ್ನು ಇಳಿಸುತ್ತದೆ, ದಾರಿ ಬಂದ್. ನಮ್ಮ ಶ್ವಾಸಕೋಶದಲ್ಲೋ ಮುಂಬಾಗಿಲೇ ಉಂಟು. ಕೋಶದ ಹೊರಮೈಯಲ್ಲಿರುವ ಟಿಎಂಪಿಆರ್‌ಎಸ್‌ಎಸ್2 ಎಂಬ ಕಿಣ್ವ ವೈರಸ್ಸಿನ ಮುಳ್ಳನ್ನು ಕತ್ತರಿಸಿ ಅಲ್ಲೇ ಬಾಗಿಲು ತೆಗೆದುಕೊಡುತ್ತದೆ. ಹುಳಿಯ ಹಂಗೇ ಇಲ್ಲ. 2020ರಲ್ಲೇ ಜರ್ಮನಿಯಲ್ಲಿ ಕ್ಯಾಲು-3 ಎಂಬ ಮನುಷ್ಯನ ಶ್ವಾಸಕೋಶದ ಕೋಶಗಳಲ್ಲಿ ನೋಡಿದಾಗ, ಈ ಗುಳಿಗೆಯ ಅಣ್ಣನಂಥ ಕ್ಲೋರೋಕ್ವಿನ್ ಸೋಂಕನ್ನು ತಡೆಯಲಿಲ್ಲ.

ಎರಡನೇ ಮೆಟ್ಟಿಲು ಪ್ರಾಣಿ. ತಟ್ಟೆಗೆ ಹೊಟ್ಟೆಯಿಲ್ಲ, ಯಕೃತ್ತಿಲ್ಲ. ನುಂಗಿದ್ದರಲ್ಲಿ ಶ್ವಾಸಕೋಶಕ್ಕೆ ಎಷ್ಟು ತಲುಪಿತು ಅಂತ ಪ್ರಾಣಿಯೇ ಹೇಳಬೇಕು. ಅಲ್ಲೂ ಒಂದು ತೊಡಕು: ಆಗಿನ ಮೂಲ ವೈರಸ್ ಸಾಮಾನ್ಯ ಇಲಿಗೆ ಅಂಟುತ್ತಿರಲಿಲ್ಲ. ಹಾಗಾಗಿ ಮನುಷ್ಯನ ಎಸಿಇ2 ಜೀನ್ ಸೇರಿಸಿದ ಇಲಿ, ಸಿರಿಯನ್ ಹ್ಯಾಮ್‌ಸ್ಟರ್, ಮಕಾಕ್ ಕೋತಿ ಇವೇ ಗತಿ. ಫ್ರಾನ್ಸಿನಲ್ಲಿ ಮಕಾಕ್‌ಗಳಿಗೆ ಸೋಂಕಿನ ಮೊದಲೂ ಆಮೇಲೂ ಗುಳಿಗೆಯ ಔಷಧಿ ಕೊಟ್ಟು ನೋಡಿದರು. ಪ್ರಯೋಜನ ಕಾಣಲಿಲ್ಲ.

ಈ ಮೆಟ್ಟಿಲುಗಳ ಫಲಿತಾಂಶ ಅಚ್ಚಾಗುವ ಮೊದಲೇ ಜನ ನುಂಗಲು ಶುರುಮಾಡಿದ್ದರು, ಅದೇ ದುಃಖ. 2020ರಲ್ಲೇ ಬ್ರಿಟನ್ನಿನ ರಿಕವರಿ ಪರೀಕ್ಷೆಯ ಲೆಕ್ಕ ಹೊರಬಂತು. 28 ದಿನಗಳಲ್ಲಿ ಗುಳಿಗೆಯ ಗುಂಪಿನ 1,561 ರೋಗಿಗಳಲ್ಲಿ ಶೇಕಡ 27, ಗುಳಿಗೆಯಿಲ್ಲದ 3,155 ರೋಗಿಗಳಲ್ಲಿ ಶೇಕಡ 25 ಮಂದಿ ತೀರಿಕೊಂಡಿದ್ದರು. ಈ ಸಣ್ಣ ಅಂತರ ಆಕಸ್ಮಿಕವೂ ಇರಬಹುದು, ಲಾಭವಂತೂ ಸೊನ್ನೆ.

ಬ್ಯಾಲೆನ್ಸ್ ಶೀಟು ನೋಡದೆ ಷೇರು ಕೊಳ್ಳಬಾರದು ಅಂತ ನಮಗೆ ಕಲಿಸುತ್ತಾರೆ. ಮಿತ್ರರೇ, ‘ವೈರಸ್ಸಿಗೆ ಮದ್ದು ಸಿಕ್ಕಿತು’ ಎಂಬ ಸುದ್ದಿ ಓದಿದಾಗಲೂ ಕೇಳಿ: ಯಾವ ಕೋಶ? ಯಾವ ಪ್ರಾಣಿ? ಎಷ್ಟು ಪ್ರಮಾಣ?