ಅಂಗನವಾಡಿ ತಟ್ಟೆಯಲ್ಲಿ ಪಂಚೇಂದ್ರಿಯಗಳ ಪಾಠ: ನಾಲಿಗೆಗೆ ‘ಛೀ’ ಕಲಿಸೋರು ಯಾರು?

ಮಕ್ಕಳ ತಟ್ಟೆಗೆ ಏನು ಬೀಳಬೇಕು ಅನ್ನೋದು ನಮ್ಮ ರಾಜ್ಯದಲ್ಲಿ ಯಾವಾಗಲೂ ದೊಡ್ಡವರ ಜಗಳ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರು ಮಾಡಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಹಂಪಿಯಿಂದ ಹೊಳೆ ದಾಟಿದರೆ ಸಿಗುವ ಗಂಗಾವತಿಯ ವಿದ್ಯಾರ್ಥಿನಿಯೊಬ್ಬಳು ‘ನಮಗೆ ಮೊಟ್ಟೆ ಬೇಕು’ ಅಂತ ಖಡಕ್ಕಾಗಿ ಹೇಳಿದ ವಿಡಿಯೊ ನಾಡೆಲ್ಲ ಓಡಾಡಿತು. ಆಕೆ ದೊಡ್ಡವಳು, ತನ್ನ ಪರವಾಗಿ ತಾನೇ ಮಾತಾಡಿದಳು. ಮೂರು ವರ್ಷದ ಮಗು ಏನು ಮಾಡಬೇಕು? ಅದಕ್ಕೆ ಯಾವುದು ಇಷ್ಟ, ಯಾವುದು ‘ಛೀ’ ಅನ್ನೋದನ್ನ ತೀರ್ಮಾನ ಮಾಡೋರು ಯಾರು?

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಸುತ್ತಮುತ್ತಲಿನ ಅಂಗನವಾಡಿಗಳಲ್ಲಿ ಕಾರ್ಯಕರ್ತೆಯರ ಜೊತೆ ಸೇರಿ ನಾನು ಚಿಕ್ಕ ಮಕ್ಕಳಿಗೆ ‘ರುಚಿ ನೋಡೋ ಆಟ’ ಆಡಿಸುತ್ತೇನೆ. ನೋಡು, ಮುಟ್ಟು, ಮೂಸು, ಕೇಳು, ಆಮೇಲೆ ಬಾಯಿಗೆ ಹಾಕು. ಆಟ ಇಷ್ಟೇ. ಈ ಸಣ್ಣ ಆಟಕ್ಕೂ ದೊಡ್ಡ ರಾಜಕೀಯಕ್ಕೂ ನಂಟಿದೆ. ಅದನ್ನ ಒಂದೊಂದಾಗಿ ಬಿಡಿಸಿ ಹೇಳ್ತೀನಿ.

ರುಚಿ ಬರೀ ನಾಲಿಗೆಯದಲ್ಲ

ನಾಲಿಗೆಯ ತುದಿಗೆ ಸಿಹಿ, ಹಿಂಭಾಗಕ್ಕೆ ಕಹಿ ಅಂತ ನಾವೆಲ್ಲ ಶಾಲೆಯಲ್ಲಿ ಚಿತ್ರ ಬರೆದಿದ್ದೇವೆ. ಅದು ತಪ್ಪು. ರುಚಿಮೊಗ್ಗು ಇರುವ ಎಲ್ಲ ಭಾಗಕ್ಕೂ ಎಲ್ಲ ರುಚಿ ಗೊತ್ತಾಗುತ್ತೆ. ವಿಜ್ಞಾನ ಒಪ್ಪಿರುವ ಮೂಲ ರುಚಿಗಳು ಐದು: ಸಿಹಿ, ಹುಳಿ, ಉಪ್ಪು, ಕಹಿ ಮತ್ತು 1908ರಲ್ಲಿ ಜಪಾನಿನ ಕಿಕುನೆ ಇಕೆಡಾ ಗುರುತಿಸಿದ ‘ಉಮಾಮಿ’.

ನಮ್ಮ ಷಡ್ರಸಗಳಲ್ಲಿ ಖಾರ ಮತ್ತು ಒಗರು ಕೂಡ ಇವೆಯಲ್ಲ? ವಿಜ್ಞಾನದ ಲೆಕ್ಕದಲ್ಲಿ ಅವೆರಡೂ ರುಚಿಗಿಂತ ಸ್ಪರ್ಶಕ್ಕೆ ಹತ್ತಿರ. ಮೆಣಸಿನಕಾಯಿ ತಿಂದಾಗ ಬಾಯಿ ಉರಿಯೋದು ಬಿಸಿಯನ್ನು, ನೋವನ್ನು ಗುರುತಿಸುವ ನರಗಳ ಕೆಲಸ. ಇದರ ಗುಟ್ಟು ಬಿಡಿಸಿದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಬಂತು. ಇನ್ನು ನಾವು ‘ರುಚಿ’ ಅನ್ನೋದರಲ್ಲಿ ದೊಡ್ಡ ಪಾಲು ಮೂಗಿನದು. ಮೂಗು ಹಿಡ್ಕೊಂಡು ಏಲಕ್ಕಿ ಬಾಳೆಹಣ್ಣು ತಿಂದರೆ ಬರೀ ಸಿಹಿ ಗೊತ್ತಾಗುತ್ತೆ. ಮೂಗು ಬಿಟ್ಟ ತಕ್ಷಣ ‘ಬಾಳೆಹಣ್ಣು’ ವಾಪಸ್ ಬರುತ್ತೆ. ನಾಲ್ಕು ವರ್ಷದ ಮಕ್ಕಳಿಗೆ ಇದಕ್ಕಿಂತ ದೊಡ್ಡ ಮ್ಯಾಜಿಕ್ ಇಲ್ಲ.

ಐದು ತಟ್ಟೆ, ನಮ್ಮೂರಿನ ಸಾಮಾನು

ಈ ಆಟಕ್ಕೆ ಕಿಟ್ ಬೇಡ, ಪ್ಲಾಸ್ಟಿಕ್ ಹಣ್ಣುಗಳೂ ಬೇಡ.

ಕಣ್ಣಿಗೆ: ಹಂಪಿ ದಾರಿಯುದ್ದಕ್ಕೂ ಬಾಳೆ ತೋಟಗಳಿವೆ. ಒಂದು ಕಾಯಿ, ಒಂದು ದೋರೆ, ಒಂದು ಹಣ್ಣು ಸಾಲಾಗಿಟ್ಟರೆ ಬಣ್ಣದ ಪಾಠವೂ ಆಯ್ತು, ‘ಮೊದಲು–ಆಮೇಲೆ’ ಅನ್ನೋ ಪಾಠವೂ ಆಯ್ತು.

ಕೈಗೆ: ಸಾಸಿವೆ ಮತ್ತು ನೆನೆಸಿದ ಕಡಲೆ. ಹಂಪಿಯಲ್ಲಿ ಸಾಸಿವೆಕಾಳು ಗಣಪ, ಕಡಲೆಕಾಳು ಗಣಪ ಇಬ್ಬರೂ ಇದ್ದಾರೆ. ಮಕ್ಕಳು ಅವರನ್ನ ನೋಡಿರ್ತಾರೆ. ಬೆರಳ ತುದಿಯಲ್ಲಿ ಕಾಳು ಹಿಡಿದು ‘ಇಷ್ಟು ಸಣ್ಣದರ ಹೆಸರು ಅಷ್ಟು ದೊಡ್ಡ ಗಣಪಂಗ್ಯಾಕ?’ ಅಂತ ಕೇಳಿದ ಮಗುವಿಗೆ ಉತ್ತರ ಹೇಳಲು ನಾವೇ ತಡಕಾಡಬೇಕು.

ಕಿವಿಗೆ: ಖಡಕ್ ರೊಟ್ಟಿ ಮುರಿಯುವ ಸದ್ದು, ಒಣ ಮಂಡಕ್ಕಿ ಕರುಕರು ಅನ್ನೋ ಸದ್ದು. ಅದೇ ಮಂಡಕ್ಕಿ ನೀರಲ್ಲಿ ನೆಂದ ಮೇಲೆ ಸದ್ದಿಲ್ಲ. ಯಾಕೆ ಅಂತ ಮಕ್ಕಳೇ ಮಾತಾಡ್ಕೊಳ್ಳಲಿ.

ಮೂಗಿಗೆ: ಕಣ್ಣು ಮುಚ್ಚಿ ಕೊತ್ತಂಬರಿ ಸೊಪ್ಪು, ಹುರಿದ ಗುರೆಳ್ಳು, ಬೆಲ್ಲ.

ನಾಲಿಗೆಗೆ: ಬೆಲ್ಲದ ಚೂರು, ಉಪ್ಪಿನ ಹರಳು, ಹುಣಸೆ ನೀರಿನ ಒಂದು ಹನಿ, ಮೆಂತ್ಯ ಸೊಪ್ಪಿನ ಒಂದು ಎಲೆ. ಯುಗಾದಿಯ ಬೇವು-ಬೆಲ್ಲ ಇದೇ ಪಾಠದ ಹಳೆಯ ರೂಪ.

ಎರಡು ಎಚ್ಚರಿಕೆ. ಇಡೀ ಶೇಂಗಾ, ಇಡೀ ಕಡಲೆ, ದುಂಡನೆ ದ್ರಾಕ್ಷಿ ಈ ವಯಸ್ಸಿನ ಮಕ್ಕಳ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಶೇಂಗಾ ಪುಡಿ ಮಾಡಿ, ದ್ರಾಕ್ಷಿ ಉದ್ದಕ್ಕೆ ಸೀಳಿ, ಕಡಲೆ-ಸಾಸಿವೆ ಆಟ ಆಡಿಸುವಾಗ ಪಕ್ಕದಲ್ಲೇ ಕೂತಿರಿ. ಯಾವ ಮಗುವಿಗೆ ಏನು ಒಗ್ಗಲ್ಲ ಅಂತ ತಾಯಂದಿರನ್ನ ಮೊದಲೇ ಕೇಳಿ.

ಒಂದು ಹುಣಸೆ, ಮೂರು ಭಾಷೆ

ಕಂಪ್ಲಿ ಕಡೆ ಒಂದೇ ಕೋಣೆಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಮನೆಮಾತಿನ ಮಕ್ಕಳು ಕೂತಿರ್ತಾರೆ. ಹುಣಸೆ ನೀರು ನಾಲಿಗೆಗೆ ತಾಗಿದಾಗ ಎಲ್ಲರ ಮುಖವೂ ಒಂದೇ ಥರ ಕಿವುಚುತ್ತೆ. ಆಮೇಲೆ ಒಬ್ಬ ‘ಹುಳಿ’ ಅಂತಾನೆ, ಇನ್ನೊಬ್ಬಳು ‘ಪುಲುಪು’ ಅಂತಾಳೆ, ಮತ್ತೊಬ್ಬ ‘ಖಟ್ಟಾ’ ಅಂತಾನೆ. ಅಷ್ಟು ಹೊತ್ತಿಗೆ ಮೂರೂ ಪದ ಎಲ್ಲರ ಬಾಯಲ್ಲೂ ಇರುತ್ತೆ. ಸಂಡೂರಿನ ತಾಂಡಾದ ಮಗು ತನ್ನ ಗೋರ್ ಬೋಲಿ ಪದ ಸೇರಿಸಿದರೆ ನಾಲ್ಕಾಯ್ತು.

3ರಿಂದ 8 ವರ್ಷದ ಮಕ್ಕಳಿಗಾಗಿ 2022ರಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಆಟ, ಅನುಭವ, ಮನೆಮಾತಿನಿಂದಲೇ ಕಲಿಕೆ ಶುರುವಾಗಬೇಕು ಅನ್ನುತ್ತೆ. ಆದರೆ ಊರಿನಲ್ಲಿ ಪಾಲಕರು ಕೇಳೋದು ಬೇರೆ: ‘ಮೇಡಂ, ಎಬಿಸಿಡಿ ಯಾವಾಗ ಬರಸ್ತೀರಿ?’ ಅವರನ್ನ ಬೈದು ಉಪಯೋಗವಿಲ್ಲ. ಪಕ್ಕದ ಕಾನ್ವೆಂಟಿನ ಎಲ್‌ಕೆಜಿ ಮಗು ಟೈ ಕಟ್ಟಿಕೊಂಡು ವ್ಯಾನ್ ಹತ್ತೋದು ಅವರ ಕಣ್ಣ ಮುಂದೆ ಇರುತ್ತೆ. ಹುಣಸೆ ಹನಿಯೊಂದು ಭಾಷೆ, ವಿಜ್ಞಾನ, ಎಣಿಕೆ ಮೂರನ್ನೂ ಕಲಿಸುತ್ತೆ ಅಂತ ಅವರಿಗೆ ತೋರಿಸಿಕೊಡುವ ಹೊಣೆ ನಮ್ಮದು.

‘ಛೀ’ ಎಲ್ಲಿಂದ ಬರುತ್ತೆ?

ಎರಡರಿಂದ ಆರು ವರ್ಷದ ನಡುವೆ ಮಕ್ಕಳು ಹೊಸ ತಿನಿಸು ಕಂಡರೆ ಹಿಂದೆ ಸರಿಯೋದು ಸಹಜ. ಅದು ಹಟವಲ್ಲ, ಬೆಳವಣಿಗೆಯ ಒಂದು ಹಂತ. ಒಂದೇ ತಿನಿಸನ್ನು ಒತ್ತಾಯವಿಲ್ಲದೆ ಎಂಟ್ಹತ್ತು ಸಲ, ಕೆಲವೊಮ್ಮೆ ಇನ್ನೂ ಹೆಚ್ಚು ಸಲ ಮುಂದಿಟ್ಟರೆ ಬಹಳಷ್ಟು ಮಕ್ಕಳು ಒಪ್ಪಿಕೊಳ್ತಾರೆ. ‘ನಮ್ಮ ಹುಡುಗ ಪುಂಡಿಪಲ್ಯ ತಿನ್ನಂಗಿಲ್ರೀ’ ಅನ್ನೋ ತಾಯಿ ಸಾಮಾನ್ಯವಾಗಿ ಮೂರನೇ ಸಲಕ್ಕೇ ಕೈಬಿಟ್ಟಿರ್ತಾರೆ.

ಇದಕ್ಕೆ ಇನ್ನೊಂದು ಮುಖವೂ ಇದೆ. ಅಸಹ್ಯದ ಬಗ್ಗೆ ದಶಕಗಟ್ಟಲೆ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ ಹೇಳೋದು ಇದನ್ನೇ: ಕಹಿ ಕಂಡು ಮುಖ ಕಿವುಚೋದು ಹುಟ್ಟಿನಿಂದ ಬರುತ್ತೆ, ‘ಇದು ಹೊಲಸು’ ಅನ್ನೋ ಭಾವನೆ ಸುತ್ತಲಿನವರನ್ನ ನೋಡಿ ಬರುತ್ತೆ. ಮಗು ಮೊಟ್ಟೆಯನ್ನು ಮೂಸಿ ನೋಡಿ ಬೇಡ ಅನ್ನೋದು ಒಂದು. ಮೊಟ್ಟೆ ತಿನ್ನೋ ಪಕ್ಕದ ಮಗುವನ್ನ ನೋಡಿ ‘ಛೀ’ ಅನ್ನೋದು ಇನ್ನೊಂದು. ಮೊದಲನೆಯದು ಅದರ ನಾಲಿಗೆಯ ಹಕ್ಕು. ಎರಡನೆಯದನ್ನ ಯಾರೋ ಕಲಿಸಿರ್ತಾರೆ. ಯಾರು ಮಾಡಿದ ಅಡುಗೆ ತಿನ್ನಬಾರದು, ಯಾರ ಪಕ್ಕ ಕೂರಬಾರದು ಅನ್ನೋ ಜಾತಿಯ ಪಾಠವೂ ಇದೇ ವಯಸ್ಸಿನಲ್ಲಿ, ಇದೇ ತಟ್ಟೆಯ ಸುತ್ತ ಶುರುವಾಗುತ್ತೆ.

ಅದಕ್ಕೇ ಈ ಆಟಕ್ಕೆ ಒಂದೇ ಕಟ್ಟುನಿಟ್ಟಿನ ನಿಯಮ. ‘ನನಗೆ ಬೇಡ’ ಅನ್ನಬಹುದು, ‘ಛೀ’ ಅನ್ನಬಾರದು. ಬೇಡ ಅನ್ನೋ ಮಗು ಹೇಗಿದೆ ಅಂತ ಹೇಳಬೇಕು: ಜಿಗುಟು, ಒಗರು, ಬಿಸಿ, ವಾಸನೆ ಜೋರು. ಪದ ಸಿಕ್ಕರೆ ಅಸಹ್ಯಕ್ಕೆ ಜಾಗ ಕಡಿಮೆಯಾಗುತ್ತೆ. ತನ್ನ ಆಯ್ಕೆ ಇಟ್ಟುಕೊಂಡು ಪಕ್ಕದವರ ಆಯ್ಕೆಯನ್ನು ಗೌರವಿಸೋದು ಸಂವಿಧಾನದ ಪಾಠ. ಅದನ್ನ ಓದೋಕೆ ಹತ್ತನೇ ಕ್ಲಾಸಿನವರೆಗೆ ಯಾಕೆ ಕಾಯಬೇಕು?

8 ರೂಪಾಯಿ ಮತ್ತು ಒಂದು ಮೊಬೈಲ್

ಇದೆಲ್ಲ ಮಾಡಬೇಕಾದವರು ಅಂಗನವಾಡಿ ಕಾರ್ಯಕರ್ತೆಯರು. ಐಸಿಡಿಎಸ್ ಯೋಜನೆ 1975ರ ಅಕ್ಟೋಬರ್ 2ರಂದು ಶುರುವಾದಾಗ ಶಾಲಾಪೂರ್ವ ಶಿಕ್ಷಣ ಅದರ ಆರು ಸೇವೆಗಳಲ್ಲಿ ಒಂದಾಗಿತ್ತು. ಅರ್ಧ ಶತಮಾನ ಕಳೆದರೂ ಸರ್ಕಾರದ ಲೆಕ್ಕದಲ್ಲಿ ಆಕೆ ‘ಗೌರವಧನ’ ಪಡೆಯುವಾಕೆ, ಸರ್ಕಾರಿ ನೌಕರಳಲ್ಲ. ಆಕೆಗೂ ಗ್ರಾಚ್ಯುಟಿ ಹಕ್ಕಿದೆ ಅಂತ ಹೇಳಿಸಿಕೊಳ್ಳೋಕೆ 2022ರಲ್ಲಿ ಸುಪ್ರೀಂ ಕೋರ್ಟ್‌ವರೆಗೆ ಹೋಗಬೇಕಾಯ್ತು. 2024ರಲ್ಲಿ ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ-ಯುಕೆಜಿ ಶುರು ಮಾಡುವ ಮಾತು ಬಂದಾಗ ಕಾರ್ಯಕರ್ತೆಯರು ಬೀದಿಗಿಳಿದಿದ್ದು ಸುಮ್ಮನೆ ಅಲ್ಲ. ಮಕ್ಕಳು ಆ ಕಡೆ ಹೋದರೆ ಅಂಗನವಾಡಿಯಲ್ಲಿ ಉಳಿಯೋದು ತೂಕದ ಯಂತ್ರ ಮತ್ತು ರೇಷನ್ ಚೀಲ ಮಾತ್ರ.

ಈಗಲೂ ಸರ್ಕಾರ ಅಂಗನವಾಡಿಯ ಊಟವನ್ನು ನೋಡೋದು ಅಂಕಿಗಳಲ್ಲಿ. ಆಹಾರ ಭದ್ರತಾ ಕಾಯ್ದೆ 2013ರಲ್ಲಿ ಬಂದಾಗ 3ರಿಂದ 6 ವರ್ಷದ ಮಗುವಿಗೆ ನಿಗದಿಯಾಗಿದ್ದು ದಿನಕ್ಕೆ 500 ಕಿಲೋಕ್ಯಾಲೊರಿ, 12–15 ಗ್ರಾಂ ಪ್ರೊಟೀನ್. 2017ರಲ್ಲಿ ಕೇಂದ್ರ ನಿಗದಿ ಮಾಡಿದ ಖರ್ಚು ದಿನಕ್ಕೆ 8 ರೂಪಾಯಿ. 2021ರಿಂದ ಎಲ್ಲ ಲೆಕ್ಕವೂ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ. ಆಮೇಲೆ ಮನೆಗೆ ಒಯ್ಯುವ ರೇಷನ್ನಿಗೆ ಮುಖ ಗುರುತಿಸುವ ಕೆಲಸವೂ ಸೇರಿತು. ನೆಟ್‌ವರ್ಕ್ ಹುಡುಕುತ್ತ ನಿಂತ ಕಾರ್ಯಕರ್ತೆಗೆ ಮೆಂತ್ಯ ಸೊಪ್ಪು ಮೂಸಿಸುವ ಪುರುಸೊತ್ತು ಎಲ್ಲಿಂದ ಬರಬೇಕು? ಆ ಆ್ಯಪ್‌ನಲ್ಲಿ ಮಗು ಎಷ್ಟು ಕಿಲೋ ಅಂತ ತುಂಬಬಹುದು. ಅದು ಇವತ್ತು ಯಾವ ಹೊಸ ರುಚಿಗೆ ಹೆಸರಿಟ್ಟಿತು ಅಂತ ತುಂಬೋಕೆ ಜಾಗವಿಲ್ಲ.

ದುಡ್ಡೇ ಇಲ್ಲ ಅನ್ನೋ ಮಾತನ್ನ ಸಂಡೂರಿನಲ್ಲಿ ನಿಂತು ಒಪ್ಪೋದು ಕಷ್ಟ. ಅಲ್ಲಿನ ಕಬ್ಬಿಣದ ಅದಿರು ದೇಶಕ್ಕೆಲ್ಲ ಹೋಗಿದೆ, ಕೆಂಪು ಧೂಳು ಊರಲ್ಲೇ ಉಳಿದಿದೆ. 2015ರಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಹುಟ್ಟಿದವು. ಆ ನಿಧಿಯ ಆದ್ಯತಾ ಪಟ್ಟಿಯಲ್ಲಿ ಶಿಕ್ಷಣವೂ ಇದೆ, ಮಹಿಳೆಯರ ಮತ್ತು ಮಕ್ಕಳ ಕಲ್ಯಾಣವೂ ಇದೆ. ಕಟ್ಟಡ, ರಸ್ತೆಯ ಜೊತೆಗೆ ಅಂಗನವಾಡಿಗೊಂದು ಕೈತೋಟ, ವಾರಕ್ಕೊಂದು ಹೊಸ ಹಣ್ಣು, ಕಾರ್ಯಕರ್ತೆಗೆ ತರಬೇತಿ ಕೊಡೋಕೆ ಅದರಲ್ಲಿ ಅವಕಾಶವಿದೆ. ಕೇಳೋರು ಬೇಕು.

ಪ್ರತಿ ಅಂಗನವಾಡಿಗೂ ಒಂದು ಬಾಲವಿಕಾಸ ಸಮಿತಿ ಇರಬೇಕು. ನಿಮ್ಮೂರಲ್ಲಿ ಅದರಲ್ಲಿ ಯಾರಿದ್ದಾರೆ, ಕೊನೇ ಸಭೆ ಯಾವಾಗ ಆಯ್ತು ಅಂತ ವಿಚಾರಿಸಿ. ಮುಂದಿನ ಗ್ರಾಮಸಭೆಯಲ್ಲಿ ಅಂಗನವಾಡಿ ಊಟದ ಪ್ರಮಾಣದ ಜೊತೆ ಇನ್ನೊಂದು ಪ್ರಶ್ನೆ ಕೇಳಿ: ಮಕ್ಕಳು ಈ ತಿಂಗಳು ಎಷ್ಟು ಹೊಸ ತಿನಿಸು ರುಚಿ ನೋಡಿದರು? ಉತ್ತರ ಸಿಗದಿದ್ದರೆ ಒಂದು ಹಿಡಿ ಹುಣಸೆ, ಒಂದು ಅಚ್ಚು ಬೆಲ್ಲ ತಗೊಂಡು ಅಂಗನವಾಡಿಗೆ ಹೋಗಿ, ಕಾರ್ಯಕರ್ತೆಯನ್ನ ಕೇಳಿ ಮಕ್ಕಳ ಜೊತೆ ನೆಲದ ಮೇಲೆ ಕೂತ್ಕೊಳ್ಳಿ.